ಆನೆಗೊಂದಿಯಲ್ಲಿ ಕೋಟೆ ಎಲ್ಲಿಗೆ ಮುಗಿಯುತ್ತದೆ, ಮನೆ ಎಲ್ಲಿಂದ ಶುರುವಾಗುತ್ತದೆ?

ಬಿಸಿಲೂರ ಸೊಸೆ · ಸೋಮವಾರ ಬೆಳಿಗ್ಗೆ

ನಿನ್ನೆ ಮನೆಮಂದಿಯೆಲ್ಲ ಆನೆಗೊಂದಿಗೆ ಹೋಗಿ ಬಂದೆವು. ಬಳ್ಳಾರಿಯವರಾದ ನಮಗೆ ಹಂಪಿ ಎಂದರೆ ನೆಂಟರು ಬಂದಾಗಲೆಲ್ಲ ತೋರಿಸಿ ತೋರಿಸಿ ಬಾಯಿಪಾಠವಾದ ಊರು. ಹೊಳೆಯಾಚೆಯ ಆನೆಗೊಂದಿಯನ್ನು ಮಾತ್ರ ಇಷ್ಟು ವರ್ಷ ಈಚೆ ದಡದಿಂದಲೇ ಬೆರಳು ಮಾಡಿ ತೋರಿಸಿ ಮುಗಿಸುತ್ತಿದ್ದೆವು. ಈ ಸಲ ಕಂಪ್ಲಿ, ಗಂಗಾವತಿ ಮಾರ್ಗವಾಗಿ ಹೊರಟೆವು. ನಾನು, ಯಜಮಾನರು, ಇಬ್ಬರು ಮಕ್ಕಳು, ಜೊತೆಗೆ ಮೊಣಕಾಲು ನೋವಿನ ಅತ್ತೆ.

ಮಗಳು ಹತ್ತು ನಿಮಿಷಕ್ಕೊಮ್ಮೆ “ಕೋಟೆ ಎಲ್ಲಿ?” ಎಂದು ಕೇಳುತ್ತಲೇ ಇದ್ದಳು. ನಮಗೂ ತಿಳಿಯಲಿಲ್ಲ. ಬಾಗಿಲು ಕಂಡಿತು, ಗೋಡೆ ಕಂಡಿತು, ನಡುವೆ ಊರು ಕಂಡಿತು. ಕೋಟೆ ಎಂದು ತೋರಿಸುವಂಥದ್ದು ಸಿಗಲಿಲ್ಲ.

ಆಮೇಲೆ ಒಂದು ಓಣಿಯಲ್ಲಿ ಯಜಮಾನರು ಒಂದು ಕಲ್ಲು ಕಂಡರು. ಸಾಲಾಗಿ ಆನೆಗಳನ್ನು ಕೆತ್ತಿದ ಉದ್ದನೆಯ ಕಲ್ಲು. ಅರ್ಧ ಮಣ್ಣಿನಲ್ಲಿ ಹೂತಿತ್ತು, ಉಳಿದರ್ಧದ ಮೇಲೆ ಬಟ್ಟೆ ಒಗೆದ ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಇವರು ಮುಳ್ಳುಬೇಲಿಯ ತಡಿಕೆಯನ್ನು ಸರಿಸಿ ಒಳಗೆ ಹೋಗಿ ಫೋಟೋ ತೆಗೆಯತೊಡಗಿದರು. ಒಳಗಿನಿಂದ ಒಬ್ಬ ಅಜ್ಜಿ ಬಂದರು, ಕೈತುಂಬ ಜೋಳದ ಹಿಟ್ಟು. “ಕೋಟೆ ಆ ಕಡೆ ಇದೆ. ಇದು ನನ್ನ ಬಚ್ಚಲು” ಎಂದರು. ಇವರು ಸುಮ್ಮನೆ ಬರಬಾರದಿತ್ತೇ? “ಈ ಕಲ್ಲು ಸರ್ಕಾರದ ಆಸ್ತಿಯಲ್ಲವೇ ಅಮ್ಮ” ಎಂದುಬಿಟ್ಟರು. ಅಜ್ಜಿ “ಹಾಗಾದರೆ ಸರ್ಕಾರವೇ ಬಂದು ಬಟ್ಟೆ ಒಗೆಯಲಿ” ಎಂದು ತಡಿಕೆ ಎಳೆದುಕೊಂಡರು.

ದಾರಿಯುದ್ದಕ್ಕೂ ನಮ್ಮಿಬ್ಬರಿಗೆ ಇದೇ ಜಗಳ. ತಪ್ಪು ಯಾರದು, ನೀವೇ ಹೇಳಿ. ಇನ್ನೊಂದು ಪ್ರಶ್ನೆ: ಗುಡ್ಡ ಹತ್ತಲಾಗದ ಅತ್ತೆಗೆ ಅಲ್ಲಿ ನೋಡಲು ಏನಿದೆ? ನಿನ್ನೆ ಪಾಪ, ಅವರು ಕಾರಿನಲ್ಲೇ ಅರ್ಧ ದಿನ ಕಳೆದರು.

ಕೊತ್ತಲದ ಕಾಗೆ

ತಪ್ಪು ನಿಮ್ಮವರದು. ಚರ್ಚೆ ಮುಗಿಯಿತು, ಎಲ್ಲರೂ ಮನೆಗೆ ಹೋಗಿ.

ಕೆಂಪುಕಲ್ಲು

ಅಷ್ಟು ಬೇಗ ಮುಗಿಸಬೇಡಿ. ಆರುನೂರು ವರ್ಷದ ಕೆತ್ತನೆಯ ಮೇಲೆ ಸೋಪು ಉಜ್ಜುವುದು ಸರಿಯೇ? 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತುವೇ ಆಗುತ್ತದೆ, ಅದು ಬಚ್ಚಲಲ್ಲಿರಲಿ, ದೇವರ ಮನೆಯಲ್ಲಿರಲಿ. ಬೇಲಿ ದಾಟಿದ್ದು ತಪ್ಪು, ಒಪ್ಪಿದೆ. ಆದರೆ ಅವರು ಕೇಳಿದ ಪ್ರಶ್ನೆ ತಪ್ಪಲ್ಲ. ಆ ಕಲ್ಲು ವಸ್ತುಸಂಗ್ರಹಾಲಯದಲ್ಲಿರಬೇಕಿತ್ತು.

ಕೊತ್ತಲದ ಕಾಗೆ

ಆರುನೂರು ವರ್ಷ ಎಂದು ಫೋಟೋ ಕೂಡ ನೋಡದೆ ಹೇಳಿದ ನಿಮ್ಮ ಕಣ್ಣಿಗೆ ಶರಣು.

ಗಂಗಾವತಿ ಭತ್ತ

ನನ್ನ ಸೋದರತ್ತೆಯ ಮನೆ ಆನೆಗೊಂದಿಯಲ್ಲಿದೆ. ಚಿಕ್ಕಂದಿನಲ್ಲಿ ಪ್ರತಿ ಬೇಸಿಗೆ ರಜೆ ಅಲ್ಲಿಯೇ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೊದಲು ಮಗಳ ಪ್ರಶ್ನೆಗೆ ಉತ್ತರ. ಕೋಟೆ ಎಲ್ಲಿ ಎಂದರೆ, ಅವಳು ನಿಂತಿದ್ದೇ ಕೋಟೆಯೊಳಗೆ. ಬಳ್ಳಾರಿಯವರಿಗೆ ಇದು ತಲೆಗೆ ಹತ್ತುವುದು ಕಷ್ಟ, ಏಕೆಂದರೆ ನಿಮ್ಮ ಕೋಟೆ ಒಂದೇ ಬಂಡೆಯ ಮೇಲೆ ಕಿರೀಟ ಇಟ್ಟಂತೆ ಕೂತಿದೆ, ಬಸ್ ನಿಲ್ದಾಣದಿಂದಲೇ ಕಾಣುತ್ತದೆ. ಆನೆಗೊಂದಿಯಲ್ಲಿ ಗುಡ್ಡಗಳೇ ಅರ್ಧ ಗೋಡೆ. ಗುಂಡುಕಲ್ಲುಗಳ ನಡುವೆ ಎಲ್ಲಿ ಸಂದು ಉಳಿದಿದೆಯೋ ಅಲ್ಲಿ ಮಾತ್ರ ಮನುಷ್ಯ ಕಟ್ಟಿದ್ದಾನೆ. ಒಂದು ಕಡೆ ಹೊಳೆ, ಉಳಿದ ಕಡೆ ಗುಡ್ಡದ ಸಾಲು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರಕ್ಕೆ ಒಂದರೊಳಗೊಂದು ಏಳು ಸುತ್ತಿನ ಕೋಟೆ ಇದೆ ಎಂದು ಬರೆದಿದ್ದಾನಲ್ಲ, ಹೊಳೆಯ ಈ ದಡವನ್ನು ಬಿಟ್ಟು ಆ ಸುತ್ತುಗಳನ್ನು ಲೆಕ್ಕ ಹಾಕಲಾಗದು.

ಊರಿನ ಅಗಸೆಬಾಗಿಲಲ್ಲಿ ದಾರಿ ನೇರವಾಗಿಲ್ಲ ಎಂಬುದನ್ನು ಗಮನಿಸಿದಿರಾ? ಒಳಗೆ ಬಂದವನು ಗೋಡೆಗೆ ಎದುರಾಗಿ ಹೊರಳಬೇಕು. ಆನೆ ಓಡಿ ಬಂದು ಬಾಗಿಲಿಗೆ ಗುದ್ದದಿರಲಿ ಎಂಬ ಉಪಾಯ. ಈಗ ಟ್ರ್ಯಾಕ್ಟರ್ ಅದೇ ತಿರುವಿನಲ್ಲಿ ಸಿಕ್ಕಿಕೊಂಡು ಹಾರ್ನ್ ಹೊಡೆಯುತ್ತದೆ.

ಇನ್ನು ಅಜ್ಜಿಯ ಕಲ್ಲು. ಅಲ್ಲಿ ಅಂಥ ಕಲ್ಲಿಲ್ಲದ ಓಣಿ ಹುಡುಕುವುದೇ ಕಷ್ಟ. ನಮ್ಮತ್ತೆಯ ಮನೆಯ ಹೊಸ್ತಿಲಿನ ಮುಂದಿನ ಮೆಟ್ಟಿಲು ಯಾವುದೋ ಮಂಟಪದ ಕಂಬದ ತುಂಡು. ಅದರ ಮೇಲೆ ಕೂತೇ ನಾನು ಮಗ್ಗಿ ಕಲಿತದ್ದು. 1565ರ ತಾಳಿಕೋಟೆ ಯುದ್ಧದ ನಂತರ ಊರು ಬಿದ್ದಿತು, ಜನ ಬಿದ್ದ ಕಲ್ಲಿನಿಂದ ಮತ್ತೆ ಮನೆ ಕಟ್ಟಿಕೊಂಡರು. ಅದನ್ನು ಕಳ್ಳತನ ಎನ್ನುವುದಾದರೆ ಊರಿಗೆ ಊರೇ ಕಳ್ಳರದು.

ಕೆಂಪುಕಲ್ಲು

ಕಳ್ಳತನ ಎಂದು ನಾನು ಹೇಳಿಲ್ಲ. ರಕ್ಷಣೆ ಬೇಕು ಎಂದೆ, ಅಷ್ಟೇ.

ಹಿತ್ತಲ ಗಿಡ

ರಕ್ಷಣೆಯ ಮಾತು ಬಂದಿತಲ್ಲ, ಅದರೊಳಗೆ ಬದುಕುವವರ ಮಾತನ್ನೂ ಕೇಳಿ. 2010ರಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೇಂದ್ರದ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಆಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ದುರಸ್ತಿಗೂ ಅರ್ಜಿ. ಹಂಪಿ ಪ್ರದೇಶಕ್ಕೆ ಇದರ ಮೇಲೆ ಪ್ರತ್ಯೇಕ ಪ್ರಾಧಿಕಾರ ಬೇರೆ. ನಿಯಮ ಇರಬಾರದು ಎನ್ನುತ್ತಿಲ್ಲ, ಇಲ್ಲದಿದ್ದರೆ ಇಷ್ಟರಲ್ಲಿ ಅಲ್ಲಿ ಮೂರಂತಸ್ತಿನ ವಸತಿಗೃಹಗಳು ಎದ್ದಿರುತ್ತಿದ್ದವು. ಆದರೆ ನನ್ನ ಗೆಳೆಯನೊಬ್ಬ, ಇದೇ ಜಿಲ್ಲೆಯ ಇನ್ನೊಂದು ಕೋಟೆಯ ಬುಡದಲ್ಲಿರುವವನು, ಮಗಳ ಮದುವೆಗೆ ಮುಂಚೆ ಮುಂದಿನ ಕೋಣೆ ಕಟ್ಟಿಸಬೇಕೆಂದು ಕಾಗದ ಹಿಡಿದು ಅಲೆದ. ಮದುವೆಯಾಯಿತು, ಬಾಣಂತನವೂ ಆಯಿತು, ಕೋಣೆ ಇನ್ನೂ ಕಾಗದದಲ್ಲೇ ಇದೆ.

ಹಾಗೆ ಬದುಕುವವರ ಅಂಗಳಕ್ಕೆ ನಾವು ಮೊಬೈಲ್ ಹಿಡಿದು ನುಗ್ಗಿ “ಸರ್ಕಾರದ ಆಸ್ತಿ” ಎಂದರೆ ಅಜ್ಜಿಗೆ ಏನನ್ನಿಸಬೇಡ? ಅವರು ಅಷ್ಟಕ್ಕೇ ಬಿಟ್ಟರು, ದೊಡ್ಡ ಮನಸ್ಸು.

ತೆಪ್ಪದ ನಾಗ

ಈ ರಕ್ಷಣೆಯ ಗದ್ದಲದಲ್ಲಿ ನಮ್ಮ ಸೇತುವೆಯೂ ಹೋಯಿತಲ್ಲ! ಹಂಪಿ ಆನೆಗೊಂದಿಗಳ ನಡುವೆ ಕಟ್ಟುತ್ತಿದ್ದ ತಳವಾರಘಟ್ಟದ ಸೇತುವೆಯಿಂದಾಗಿ ಹಂಪಿಯನ್ನು ಯುನೆಸ್ಕೊ ಪಟ್ಟಿಯಿಂದಲೇ ತೆಗೆದಿದ್ದರು, ಗೊತ್ತೇ?

ಗಂಗಾವತಿ ಭತ್ತ

ತೆಗೆದಿರಲಿಲ್ಲ. 1986ರಲ್ಲಿ ಸೇರಿದ್ದು ಹಾಗೆಯೇ ಇತ್ತು. 1999ರಲ್ಲಿ “ಅಪಾಯದಲ್ಲಿರುವ ಪರಂಪರೆ” ಎಂಬ ಇನ್ನೊಂದು ಪಟ್ಟಿಗೆ ಹಾಕಿದರು, 2006ರಲ್ಲಿ ಅದರಿಂದ ಬಿಡಿಸಿದರು. ಆ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿಯಿತು, ಕೆಲಸಗಾರರು ಸತ್ತರು. ಅದರ ಬಗ್ಗೆ ತಮಾಷೆಯಾಗಿ ಮಾತನಾಡಲು ನನಗೆ ಮನಸ್ಸು ಬರುವುದಿಲ್ಲ.

ತೆಪ್ಪದ ನಾಗ

ತಮಾಷೆ ಮಾಡಲಿಲ್ಲ ಅಣ್ಣ. ಹೊಳೆ ತುಂಬಿದಾಗ ತೆಪ್ಪ ನಿಲ್ಲಿಸುತ್ತಾರೆ, ಕಣ್ಣೆದುರಿಗಿರುವ ಊರಿಗೆ ಗಂಟೆಗಟ್ಟಲೆ ಸುತ್ತಿಕೊಂಡು ಹೋಗಬೇಕಾಗಿದ್ದ ಸಂಕಟದಿಂದ ಹೇಳಿದೆ. ತಿದ್ದಿದ್ದಕ್ಕೆ ಧನ್ಯವಾದ.

ಉಳಿ ಸುತ್ತಿಗೆ

ಯಾರೂ ಅತ್ತೆಯವರ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ. ನಾನೂ ಕೊಡುವುದಿಲ್ಲ, ನನಗೆ ಬೇರೆ ವಿಷಯ ಹೇಳಬೇಕಿದೆ.

ಗುಡ್ಡದ ಬಂಡೆಗಳಲ್ಲಿ ಅಂಚೆಚೀಟಿ ಹರಿಯುವ ತೂತಿನಂತೆ ಸಾಲಾಗಿ ಗುಳಿಗಳಿರುತ್ತವೆ, ನೋಡಿದ್ದೀರಾ? ಮಾರ್ಗದರ್ಶಿಗಳೆಲ್ಲ ಒಂದೇ ಕಥೆ ಹೇಳುತ್ತಾರೆ: ಗುಳಿಯಲ್ಲಿ ಒಣಮರದ ಬೆಣೆ ತುರುಕಿ ನೀರು ಹಾಕಿದರೆ ಮರ ಉಬ್ಬಿ ಬಂಡೆ ಸೀಳುತ್ತದೆ ಎಂದು. ನಾವು ಕಲ್ಲು ಒಡೆಯುವ ಮನೆತನದವರು. ನಮ್ಮಪ್ಪ ಕಬ್ಬಿಣದ ಬೆಣೆಯಲ್ಲೇ ಒಡೆಯುತ್ತಿದ್ದರು. ಕಲ್ಲಿಗೂ ಕಟ್ಟಿಗೆಯಂತೆ ಎಳೆ ಇರುತ್ತದೆ. ಅಂಗೈ ಆಡಿಸಿ ಎಳೆ ಹುಡುಕಿ, ಅದರ ಉದ್ದಕ್ಕೆ ಗುಳಿ ತೋಡಿ, ಎಲ್ಲ ಬೆಣೆಗೂ ಸರದಿಯಂತೆ ಒಂದೊಂದೇ ಪೆಟ್ಟು ಕೊಡುತ್ತಾರೆ. ಒಂದೇ ಬೆಣೆಗೆ ಎರಡು ಪೆಟ್ಟು ಕೊಟ್ಟವನಿಗೆ ಬೈಗುಳ ಖಚಿತ. ಮೊದಲು ಟಣ್ ಎನ್ನುತ್ತದೆ. ಪೆಟ್ಟು ಕೂತಂತೆ ದನಿ ಇಳಿಯುತ್ತದೆ. ಒಂದು ಗಳಿಗೆಯಲ್ಲಿ ದಪ್ ಎಂದು ಮಂಕಾಗುತ್ತದೆ. ಆಗ ಅಪ್ಪ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದರು. ಬೀಡಿ ಮುಗಿಯುವುದರೊಳಗೆ ಗುಳಿಯಿಂದ ಗುಳಿಗೆ ಕೂದಲೆಳೆಯಂಥ ಗೆರೆ ತಾನೇ ಓಡಿರುತ್ತಿತ್ತು.

ಆನೆಗೊಂದಿಯ ಗುಡ್ಡದಲ್ಲಿ ಗುಳಿ ತೋಡಿ ಒಡೆಯದೆ ಬಿಟ್ಟ ಬಂಡೆಗಳೂ ಇವೆ. ನನಗೆ ಅರಮನೆಗಿಂತ ಅವುಗಳನ್ನು ನೋಡುವುದೇ ಇಷ್ಟ. ಯಾರೋ ಊಟಕ್ಕೆ ಎದ್ದು ಹೋದಂತಿದೆ.

ಕೆಂಪುಕಲ್ಲು

ಮರದ ಬೆಣೆಯನ್ನೂ ಬಳಸುತ್ತಿದ್ದರು ಎಂದೇ ನಾನು ಕೇಳಿದ್ದೇನೆ. ಎರಡೂ ಇದ್ದಿರಬಹುದು.

ಉಳಿ ಸುತ್ತಿಗೆ

ಇದ್ದಿರಬಹುದು. ನೀವು ಕೇಳಿದ್ದೀರಿ, ನಾನು ಹೊಡೆದಿದ್ದೇನೆ.

ಮಾವಿನಕೆರೆ ದಂಡೆ

ಕಲ್ಲಿನ ಮಾತಿಗೆ ರಾಯಚೂರಿನವರು ಬಾಯಿ ಹಾಕದಿದ್ದರೆ ಹೇಗೆ! ನಮ್ಮ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ, ಅದರ ಮೇಲೆ ಶಾಸನ. 1294ರಲ್ಲಿ ಕಾಕತೀಯರ ಸಾಮಂತ ಗೋನ ಗನ್ನಯ್ಯ ರೆಡ್ಡಿಯ ಸೇನಾಪತಿ ವಿಠ್ಠಲ ಈ ಕೋಟೆ ಕಟ್ಟಿಸಿದನೆಂದು ಅದು ಹೇಳುತ್ತದೆ. ಅದನ್ನು ತಂದದ್ದು ಹೇಗೆ ಎಂಬುದೂ ಅಲ್ಲಿಯೇ ಇದೆ: ಬಂಡಿಗೆ ಕೋಣಗಳ ಸಾಲು, ಚಕ್ರಕ್ಕೆ ಸನ್ನೆಗೋಲು ಕೊಟ್ಟು ನೂಕುವ ಆಳುಗಳು. ರಾಜರ ಚಿತ್ರ ಕೆತ್ತುವುದು ಎಲ್ಲ ಕಡೆ ಇದೆ, ಕೋಣ ಹೊಡೆಯುವವನ ಚಿತ್ರ ಕೆತ್ತಿದ ಕೋಟೆ ಎಷ್ಟಿವೆ ಹೇಳಿ. ಉಳಿ ಸುತ್ತಿಗೆಯವರೇ, ನೀವೊಮ್ಮೆ ಬರಲೇಬೇಕು.

ಗವಿಮಠದ ಗಂಟೆ

ಕೋಟೆ ಎಂದರೆ ಕೊಪ್ಪಳದ್ದು. 1786ರಲ್ಲಿ ಟಿಪ್ಪು ವಶಪಡಿಸಿಕೊಂಡು ಫ್ರೆಂಚ್ ತಂತ್ರಜ್ಞರಿಂದ ಭದ್ರಪಡಿಸಿದ. 1790ರಲ್ಲಿ ನಿಜಾಮನೂ ಬ್ರಿಟಿಷರೂ ಕೂಡಿ ಮುತ್ತಿದರೂ ಕೈಗೆ ಬರಲು ಆರು ತಿಂಗಳು ಹಿಡಿಯಿತು. ಭಾರತದಲ್ಲಿ ತಾನು ಕಂಡ ಅತ್ಯಂತ ಬಲವಾದ ಕೋಟೆ ಇದೆಂದು ಬ್ರಿಟಿಷ್ ಅಧಿಕಾರಿ ಜಾನ್ ಮಾಲ್ಕಮ್ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಹೋರಾಡಿ ಮಡಿದದ್ದೂ ಇಲ್ಲಿಯೇ. ಅಲ್ಲಿ ಬಚ್ಚಲೂ ಇಲ್ಲ, ಬೈಯುವ ಅಜ್ಜಿಯೂ ಇಲ್ಲ. ಗಾಳಿ ಇದೆ, ಮುಳ್ಳಿದೆ, ಖಾಲಿ ಸಾರಾಯಿ ಬಾಟಲಿಗಳಿವೆ.

ಹಿತ್ತಲ ಗಿಡ

ಕೊನೆಯ ವಾಕ್ಯದಲ್ಲಿ ಉತ್ತರ ನೀವೇ ಕೊಟ್ಟಿರಿ. ಅಜ್ಜಿ ಇಲ್ಲದ ಕೋಟೆಗೆ ಬಾಟಲಿಗಳು ಬರುತ್ತವೆ.

ಕೊತ್ತಲದ ಕಾಗೆ

ಬಳ್ಳಾರಿ ಕೋಟೆಯನ್ನು ಯಾರೂ ಹೊಗಳುತ್ತಿಲ್ಲ. ಪಕ್ಕದ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಿದೆ ಎಂದು ಕಟ್ಟಿ ಮುಗಿಸಿದ ಮೇಲೆ ತಿಳಿದು, ಹೈದರಾಲಿ ಆ ಫ್ರೆಂಚ್ ತಂತ್ರಜ್ಞನನ್ನು ಗಲ್ಲಿಗೇರಿಸಿದ ಎಂಬ ಕಥೆ ನಮ್ಮಲ್ಲಿದೆ. ಈಗಿನ ಗುತ್ತಿಗೆದಾರರಿಗೂ ಈ ಕಥೆಯನ್ನು ಆಗಾಗ ಹೇಳುತ್ತಿರಬೇಕು.

ಅಂಜನಿ ಭಕ್ತ

ಇಷ್ಟೆಲ್ಲ ಬರೆದಿರಿ, ಅಂಜನಾದ್ರಿಯ ಹೆಸರು ಎಲ್ಲಿ? 575 ಮೆಟ್ಟಿಲು. ಹನುಮ ಹುಟ್ಟಿದ ನೆಲ. ಉಳಿದದ್ದೆಲ್ಲ ಅದರ ಮುಂದೆ ಬರಿ ಕಲ್ಲು.

ದಾರಿಹೋಕ

ಹನುಮ ಹುಟ್ಟಿದ್ದು ನಮ್ಮಲ್ಲಿ ಎಂದು ತಿರುಮಲದವರೂ 2021ರಲ್ಲಿ ಹೇಳಿದರಲ್ಲ?

ಅಂಜನಿ ಭಕ್ತ

ಹೇಳಿದರೆ ಆಗಿಬಿಟ್ಟಿತೇ? ಪಂಪಾ ಸರೋವರ ಇಲ್ಲಿ, ಋಷ್ಯಮೂಕ ಇಲ್ಲಿ, ವಾಲಿ ಸುಗ್ರೀವರ ಗುಡ್ಡ ಇಲ್ಲಿ, ತೊಟ್ಟಿಲು ಮಾತ್ರ ಅಲ್ಲಿಯೇ?

ನಿರ್ವಾಹಕರು

ಜನ್ಮಸ್ಥಳದ ಚರ್ಚೆಗೆ ಈಗಾಗಲೇ ಬೇರೆ ಎಳೆ ಇದೆ, ಅದು ಎಂಟು ತಿಂಗಳಿಂದ ನಡೆಯುತ್ತಿದೆ. ಇಲ್ಲಿ ಬೇಡ. ಮೇಲಿನದರ ನಂತರ ಬಂದ ಹದಿನಾಲ್ಕು ಉತ್ತರಗಳನ್ನು ಅಲ್ಲಿಗೆ ಸಾಗಿಸಲಾಗಿದೆ.

ಶಾಂತಾ ಟೀಚರ್ ಅಲ್ಲ

ಸರಿ, ಅತ್ತೆಯವರಿಗೆ ನಾನು ಹೇಳುತ್ತೇನೆ. ನನ್ನ ತಾಯಿಗೂ ಎರಡೂ ಮೊಣಕಾಲು ಹೋಗಿವೆ, ಅವರನ್ನು ಮೂರು ಸಲ ಕರೆದೊಯ್ದಿದ್ದೇನೆ.

ನೀವು ಮಾಡಿದ ದೊಡ್ಡ ತಪ್ಪು ಭಾನುವಾರ ಹೋದದ್ದು. ಶನಿವಾರ ಭಾನುವಾರ ಅಂಜನಾದ್ರಿಯ ಜನಜಂಗುಳಿ ರಸ್ತೆಗೆಲ್ಲ ಚೆಲ್ಲಿರುತ್ತದೆ. ವಾರದ ನಡುವೆ ಹೋಗಿ, ಬೆಳಿಗ್ಗೆ ಏಳಕ್ಕೆ ಊರಲ್ಲಿರಿ. ಕಾರನ್ನು ರಂಗನಾಥಸ್ವಾಮಿ ಗುಡಿಯ ಬಳಿ ನಿಲ್ಲಿಸಿದರೆ ಗುಡಿ, ತೇರು, ಗಗನಮಹಲು ಎಂಬ ಹಳೆಯ ಅರಮನೆ ಎಲ್ಲವೂ ನಾಲ್ಕು ಹೆಜ್ಜೆ. ಅಲ್ಲಿಂದ ಹೊಳೆಯ ಕಡೆ ಹುಚ್ಚಪ್ಪಯ್ಯನ ಮಠ. ತಲೆ ಎತ್ತಿ ನೋಡಲು ಹೇಳಿ, ಛಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳ ಚೂರುಗಳು ಉಳಿದಿವೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು, ಹೆಚ್ಚಿನವರು ಒಂದು ನಿಮಿಷಕ್ಕೇ ಹೊರಗೆ ಬಂದು “ಏನೂ ಇಲ್ಲ” ಎನ್ನುತ್ತಾರೆ. ಚಿಂತಾಮಣಿ ಗುಡಿಯ ಬಳಿ ದಡದಲ್ಲಿ ಕೂತರೆ ಎದುರಿಗೆ ಹೊಳೆ, ಬಂಡೆ, ಅರವತ್ನಾಲ್ಕು ಕಂಬದ ಮಂಟಪ.

ಹೊಳೆಯ ನಡುಗಡ್ಡೆಯಲ್ಲಿ ಒಂಬತ್ತು ಮಾಧ್ವ ಯತಿಗಳ ಸಮಾಧಿ ಇರುವ ನವಬೃಂದಾವನಕ್ಕೆ ದೋಣಿ ಹತ್ತಿ ಇಳಿಯಬೇಕು. ಅತ್ತೆಯವರಿಗೆ ಅವರಲ್ಲೊಬ್ಬರಾದ ವ್ಯಾಸರಾಯರ ಮೇಲೆ ಭಕ್ತಿ ಇದ್ದರೆ ಮೊಣಕಾಲು ತಾನೇ ಮಡಚುತ್ತದೆ, ಇಲ್ಲದಿದ್ದರೆ ಬೇಡ. ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರೆ ದೋಣಿಯ ಆಸೆ ಬಿಡಿ.

ನೀವಿಬ್ಬರು ಮಕ್ಕಳೊಂದಿಗೆ ವಾಲಿಕಿಲ್ಲಾ ಗುಡ್ಡ ಹತ್ತಿ. ದುರ್ಗಾದೇವಿ ಗುಡಿಯ ತನಕ ಸುಲಭ, ಹರಕೆಯ ತೆಂಗಿನಕಾಯಿಗಳನ್ನು ಬಟ್ಟೆಯಲ್ಲಿ ಕಟ್ಟಿ ತೂಗಿಬಿಟ್ಟಿರುತ್ತಾರೆ. ಗುಡಿಯ ಹಿಂದೆ ಕೋಟೆಬಾಗಿಲು ಸಿಗುತ್ತದೆ, ನಿಮ್ಮ ಮಗಳು ಕೇಳಿದ “ಕೋಟೆ” ಅಲ್ಲಿದೆ. ನೀರು ಹೊತ್ತೊಯ್ಯಿರಿ, ಹತ್ತು ಗಂಟೆಗೆ ಬಂಡೆ ಕಾದು ಹೆಂಚಾಗುತ್ತದೆ. ಸಂಜೆ ಇಳಿಯುವುದನ್ನು ತಡ ಮಾಡಬೇಡಿ, ಆ ಗುಡ್ಡಗಳಲ್ಲಿ ಚಿರತೆಗಳಿವೆ. ಇದು ಮಕ್ಕಳನ್ನು ಹೆದರಿಸಲು ಹೇಳುವ ಮಾತಲ್ಲ.

ಗಂಗಾವತಿ ಭತ್ತ

ಇದಕ್ಕಿಂತ ಚೆನ್ನಾಗಿ ಊರವನಾದ ನನಗೂ ಹೇಳಲಾಗುತ್ತಿರಲಿಲ್ಲ. ಒಂದು ಸೇರಿಸುತ್ತೇನೆ: ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲ್ಲದೆ ಗುಡ್ಡ ಹತ್ತಬಾರದು.

ದಾರಿಹೋಕ

ಹಿರೇಬೆಣಕಲ್‌ಗೂ ಹೋಗಿ. ಗುಡ್ಡದ ಮೇಲೆ ಶಿಲಾಯುಗದ ಕಲ್ಮನೆಗಳು ನೂರಾರು.

ಶಾಂತಾ ಟೀಚರ್ ಅಲ್ಲ

ಶಿಲಾಯುಗವಲ್ಲ, ಬೃಹತ್ ಶಿಲಾ ಸಂಸ್ಕೃತಿ, ಕಬ್ಬಿಣ ಬಂದ ಕಾಲದ್ದು. ಹೆಸರಲ್ಲಿ ಶಿಲೆ ಇದ್ದ ಮಾತ್ರಕ್ಕೆ ಶಿಲಾಯುಗವಾಗುವುದಿಲ್ಲ. ಮತ್ತೆ ಅದು ಒಳ್ಳೆಯ ನಡಿಗೆ, ಅತ್ತೆಯವರಿಗೆ ಖಂಡಿತ ಅಲ್ಲ.

ದಾರಿಹೋಕ

ಹೆಸರಲ್ಲಿ ಟೀಚರ್ ಅಲ್ಲ ಎಂದಿದೆ, ನಡೆಯಲ್ಲಿ ಮಾತ್ರ ಟೀಚರ್.

ಮುದಗಲ್ ಕಿಲ್ಲಾ

ತಡವಾಗಿ ಬಂದೆ. ನಾನು ಹುಟ್ಟಿ ಬೆಳೆದದ್ದು ಮುದಗಲ್ ಕೋಟೆಯೊಳಗೆ. ಹಾಗಾಗಿ ಅಜ್ಜಿಯ ಕಡೆಯಿಂದ ಒಂದು ಮಾತು.

ನಮ್ಮ ಓಣಿಗೂ ಜನ ಬರುತ್ತಾರೆ. 1406ರಲ್ಲಿ ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರದ ದೇವರಾಯನಿಗೂ ಬಹಮನಿ ಸುಲ್ತಾನ ಫಿರೋಜ್ ಶಹನಿಗೂ ಯುದ್ಧವಾಯಿತು ಎಂಬ ಕಥೆಯನ್ನು ಓದಿಕೊಂಡು ಬಂದು, “ಆ ಹುಡುಗಿಯ ಮನೆ ಯಾವುದು?” ಎಂದು ನಮ್ಮ ಪಡಸಾಲೆಯಲ್ಲಿ ನಿಂತು ಕೇಳುತ್ತಾರೆ. ನನ್ನ ತಂಗಿ ಒಮ್ಮೆ ಬೇಸತ್ತು ಎದುರುಮನೆ ತೋರಿಸಿದಳು. ಅವರು ಹೋಗಿ ಎದುರುಮನೆಯ ಫೋಟೋ ತೆಗೆದುಕೊಂಡರು. ಎದುರುಮನೆಯವರು ನಮ್ಮೊಂದಿಗೆ ಒಂದು ವಾರ ಮಾತು ಬಿಟ್ಟರು.

ಬರಬೇಡಿ ಎಂದು ನಾವು ಹೇಳುವುದಿಲ್ಲ. ಮೊಹರಂ ಹೊತ್ತಿಗೆ ಎಲ್ಲೆಲ್ಲಿಂದಲೋ ಬಂದು ಸೇರುತ್ತಾರೆ, ಹಿಂದೂ ಮುಸ್ಲಿಂ ಎಂಬ ಲೆಕ್ಕವಿಲ್ಲ, ಆಗ ನಮ್ಮ ಪಡಸಾಲೆಯಲ್ಲಿ ಗುರುತಿಲ್ಲದವರೂ ಮಲಗುತ್ತಾರೆ. ವ್ಯತ್ಯಾಸ ಇಷ್ಟೇ: ಆಗ ಬರುವವರು ಮೊದಲು ನೀರು ಕೇಳುತ್ತಾರೆ. ನೀರು ಕೇಳಿದವರನ್ನು ಒಳಗೆ ಕರೆಯುತ್ತೇವೆ, ಕೂರಿಸುತ್ತೇವೆ, ಕಲ್ಲನ್ನೂ ತೋರಿಸುತ್ತೇವೆ. ನಿಮ್ಮ ಯಜಮಾನರು ಆ ಅಜ್ಜಿಯ ಬಳಿ ಒಂದು ಚೊಂಬು ನೀರು ಕೇಳಿದ್ದರೆ ಸೋಪಿನ ನೊರೆಯನ್ನು ಅವರೇ ತೊಳೆದು ಆನೆಗಳನ್ನು ತೋರಿಸುತ್ತಿದ್ದರು.

ಕೆಂಪುಕಲ್ಲು

ಇದನ್ನು ಒಪ್ಪುತ್ತೇನೆ. ಆದರೂ ಆ ಕಲ್ಲಿನ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ. ಆನೆಯ ಸಾಲು ಎಂದರೆ ಯಾವುದೋ ಗುಡಿಯ ಅಥವಾ ಜಗತಿಯ ಅಧಿಷ್ಠಾನದ ಪಟ್ಟಿಕೆ, ಅಂದರೆ ಬುಡದ ಕಟ್ಟೆಯ ಸುತ್ತ ಓಡುವ ಕೆತ್ತನೆಯ ಸಾಲು. ದಯವಿಟ್ಟು ಫೋಟೋ ಹಾಕಿ, ನೋಡಿ ಹೇಳುತ್ತೇನೆ.

ಉಳಿ ಸುತ್ತಿಗೆ

ನನಗೂ ನೋಡುವ ಆಸೆ. ಉಳಿಯ ಗುರುತು ಕಂಡರೆ ಸಾಕು.

ಬಿಸಿಲೂರ ಸೊಸೆ

ಎಲ್ಲ ಓದಿದೆ, ಯಜಮಾನರಿಗೂ ಓದಿಸಿದೆ. ಮುದಗಲ್ಲಿನವರ ಮಾತು ಬಂದಾಗ ಸುಮ್ಮನಾದರು. ಆಮೇಲೆ “ನನಗೆ ಬಾಯಾರಿಕೆ ಇರಲಿಲ್ಲ” ಎಂದರು. ಗಂಡಸರು!

ಫೋಟೋ ಇಲ್ಲ. ಮೊದಲೇ ಹೇಳಲು ಮರೆತೆ. ಅಜ್ಜಿ ತಡಿಕೆ ಎಳೆದುಕೊಂಡ ಮೇಲೆ ಅತ್ತೆ ಕಾರಿನಿಂದ ಇಳಿದು, ಕುಂಟುತ್ತ ಬಂದು, ಮಗನ ಕೈಯಿಂದ ಮೊಬೈಲ್ ಕಸಿದು, ಬೇಲಿಯ ಮೇಲಿಂದಲೇ ಆ ಅಜ್ಜಿಗೆ ತೋರಿಸಿ ಅಳಿಸಿದರು. ಇಡೀ ದಿನದಲ್ಲಿ ಅವರು ನಡೆದದ್ದು ಅಷ್ಟೇ ದೂರ. ಆಮೇಲೆ ಇಬ್ಬರೂ ಹತ್ತು ನಿಮಿಷ ಮೊಣಕಾಲಿನ ಬಗ್ಗೆ, ಎಣ್ಣೆಯ ಬಗ್ಗೆ ಮಾತನಾಡಿದರು. ನಾವು ನಾಲ್ವರು ಓಣಿಯಲ್ಲಿ ನಿಂತಿದ್ದೆವು.

ಮಗಳಿಗೆ ಆನೆ ಎಷ್ಟಿದ್ದವು ಎಂದು ಕೇಳಿದರೆ ನೆನಪಿಲ್ಲ. ಸೋಪು ನೀಲಿ ಬಣ್ಣದ್ದು ಎನ್ನುತ್ತಾಳೆ.

ಬರುವ ಬುಧವಾರ ರಜೆ ಹಾಕಿ ಮತ್ತೆ ಹೊರಡುತ್ತಿದ್ದೇವೆ. ಅತ್ತೆಯೇ ಹಟ ಹಿಡಿದಿದ್ದಾರೆ, ಎಣ್ಣೆಯ ಬಾಟಲಿ ಕೊಡಬೇಕಂತೆ. ಹೊಳೆಗೆ ನೀರು ಬಿಟ್ಟಿದ್ದಾರೆ ಎಂದು ಕೇಳಿದೆ. ಕಂಪ್ಲಿ ಸೇತುವೆ ಮುಳುಗಿದೆಯೇ?

ತೆಪ್ಪದ ನಾಗ

ಇಂದು ಬೆಳಿಗ್ಗೆ ಬೈಕಿನಲ್ಲಿ ದಾಟಿದೆ. ನೀರು ಸೇತುವೆಯ ಕೆಳಗೇ ಇದೆ, ಆದರೆ ಏರುತ್ತಿದೆ. ಮಂಗಳವಾರ ರಾತ್ರಿ ಇಲ್ಲಿಯೇ ಕೇಳಿ, ನೋಡಿ ಹೇಳುತ್ತೇನೆ.